ಹತ್ತೂ ನಲವತ್ತರ ಬಸ್ಸು

ವಿನಿಪೆಗ್. ಮಾರ್ಚ್ ತಿಂಗಳು. ಸೊನ್ನೆಗಿಂತ ಇಪ್ಪತ್ತೇಳು ಕೆಳಗೆ.
ವಿಶ್ವವಿದ್ಯಾಲಯದ ಕಲಾ ವಿಭಾಗದ ನೆಲಮಾಳಿಗೆಯಲ್ಲಿ
ಬಹುಸಂಸ್ಕೃತಿ ಸಪ್ತಾಹದ ನಾಲ್ಕನೆಯ ಸಂಜೆ.
ಬಾಗಿಲಲ್ಲಿ ಬೂಟುಗಳ ಸಾಲು, ಬೂಟುಗಳ ಸುತ್ತ
ಕರಗಿದ ಹಿಮದ ಕೆರೆ, ಕೆರೆಯ ಅಂಚಿಗೆ ರಸ್ತೆಯ ಉಪ್ಪು.

ಮೇಲೆ ದಾರಕ್ಕೆ ಪೋಣಿಸಿದ ನಲವತ್ತೊಂದು ಬಾವುಟ.
ಒಂದು ತಲೆಕೆಳಗಾಗಿದೆ; ಯಾವುದೆಂದು
ಗೊತ್ತಿರುವವರು ಬಂದು ಹೇಳುವ ತನಕ ಗೊತ್ತಾಗುವುದಿಲ್ಲ.
ಮಧ್ಯಾಹ್ನ ಡೇರಿಯಸ್ ಮಸ್ಕೇಗೋ
ತಮ್ಮಟೆಯನ್ನು ಹೀಟರಿನ ಬಳಿ ಹಿಡಿದು ಕಾಯಿಸಿಕೊಂಡು
ಇದು ಯಾರ ನೆಲವೆಂದು ಕ್ರೀ ಮಾತಿನಲ್ಲಿ ಹಾಡಿ,
ಆಮೇಲೆ ಕೂತು, ಉಕ್ರೇನಿನ ಅಜ್ಜಿಯರ ಆಲೂಗಡ್ಡೆ ಕಡುಬು
ಹನ್ನೊಂದು ತಿಂದ. ಅಜ್ಜಿಯರು ಎಣಿಸುತ್ತಿದ್ದರು, ಖುಷಿಯಿಂದ.

ನಾನು ಪ್ರೊಜೆಕ್ಟರ್ ಗೂಡಿನವನು.
ಹದಿನಾರು ವರ್ಷದಿಂದ ಊರೂರ ಅಳು ನಗುವನ್ನು
ಗಾಜಿನ ಹಿಂದಿನಿಂದ ನೋಡುತ್ತ ಬಂದಿದ್ದೇನೆ.
ನನ್ನ ಅಮ್ಮನ ಇಲೊಕಾನೊ ನನಗೆ ಅರ್ಧವೇ ತಿಳಿಯುತ್ತದೆ;
ಇನ್ನರ್ಧಕ್ಕೆ ಅವಳ ಹುಬ್ಬೇ ಅಡಿಬರಹ.

ಆ ರಾತ್ರಿ ಎರಿಟ್ರಿಯಾದ ಚಿತ್ರ.
ಕೆರೆನ್ ಊರಿನ ಒಂದು ಮನೆ, ಒಬ್ಬ ಬಸ್ ಚಾಲಕ, ಅವನ ಅಕ್ಕ,
ಇಬ್ಬರ ನಡುವೆ ಕಾಫಿ ಕಾಯುವ ಉದ್ದ ಕತ್ತಿನ ಮಣ್ಣಿನ ಹೂಜಿ.
ಹತ್ತು ನಿಮಿಷಕ್ಕೆ ಅಡಿಬರಹ ಕೈಕೊಟ್ಟಿತು.
ತಂತಿ ಎಳೆದೆ, ಕಡತ ಮುಚ್ಚಿ ತೆರೆದೆ,
ದೇವರನ್ನು ಕರೆದೆ, ಬೈದೆ, ಮತ್ತೆ ಕರೆದೆ.
ಪರದೆಯ ಕೆಳಗೆ ಚೌಕ, ಚೌಕ, ಚೌಕ.
ಆಮೇಲೆ ಅದೂ ಇಲ್ಲ.

ಪ್ರೊಫೆಸರ್ ಪ್ರೊಟ್ಸಿಕ್ ಮೈಕು ಹಿಡಿದು ಎದ್ದರು:
"ಸಿನಿಮಾಕ್ಕೆ ಭಾಷೆ ಬೇಕಿಲ್ಲ, ಅಲ್ಲವೇ?"
ಅರವತ್ತು ಜನ ಹೌದೆಂದು ತಲೆಯಾಡಿಸಿ
ಫೋನು ತೆಗೆದರು.

"ಬೇಕು."
ಹಿಂದಿನ ಬಾಗಿಲಲ್ಲಿ ಮಾಪಿನ ಕೋಲಿಗೆ ಗಲ್ಲ ಊರಿ
ನಿಂತಿದ್ದಳು ಲೆತೆಬ್ರಹನ್.
"ಅವನು ಸುಳ್ಳು ಹೇಳುತ್ತಿದ್ದಾನೆ. ಅದು ನಿಮಗೆ ತಿಳಿಯಬೇಡವೇ?"

ಮೈಕು ಕೊಟ್ಟರೆ ಒಲ್ಲೆ ಅಂದಳು.
ಹಳದಿ ಬಕೆಟ್ಟನ್ನು ಗೋಡೆಗೆ ಸರಿಸಿ, ರಬ್ಬರ್ ಕೈಗವಸು ಕಳಚದೆ,
ನಡುದಾರಿಯಲ್ಲಿ ನಿಂತು ಹೇಳತೊಡಗಿದಳು:
"ಅಕ್ಕ ಕೇಳ್ತಾಳೆ, ಕಾಗದ ಬಂತಾ?
ತಮ್ಮ, ಯಾವ ಕಾಗದ?
ಅಕ್ಕ, ಸಕ್ಕರೆ ಎಷ್ಟು ಹಾಕಲಿ?
ನೋಡಿ, ಇದು ಸಕ್ಕರೆಯ ಮಾತಲ್ಲ."
ನಡುನಡುವೆ ತಕರಾರು:
"ಇವನು ಕೆರೆನ್‌ನವನೇ ಅಲ್ಲ, ಅಸ್ಮರಾದವನು,
ನಾಲಗೆ ಹೊರಳುವುದರಲ್ಲೇ ಗೊತ್ತಾಗುತ್ತದೆ.
ಬೀಜ ಹುರಿದು ಹಾಗೇ ಕುಟ್ಟುತ್ತಾರೇನು?
ಹೊಗೆಯನ್ನು ಮೊದಲು ಬಂದವರ ಮೂಗಿಗೆ ಹಿಡಿಯಬೇಕು."
ಒಂದು ಕಡೆ ಬಿದ್ದು ಬಿದ್ದು ನಕ್ಕಳು. ಏಕೆಂದು ಹೇಳಲಿಲ್ಲ.
ನಾವೂ ನಕ್ಕೆವು, ಕಡ ತಂದ ನಗು.

ಮೊದಲನೆಯ ಬಟ್ಟಲು ಮುಗಿಯಿತು. ಎರಡನೆಯದೂ.
"ಮೂರು ಕುಡಿಯದೆ ಏಳುವ ಹಾಗಿಲ್ಲ,
ಮೂರನೆಯದು ಹರಸುವ ಬಟ್ಟಲು"
ಅನ್ನುತ್ತ ಗೋಡೆಯ ಗಡಿಯಾರ ನೋಡಿದಳು.
ಹತ್ತೂ ಇಪ್ಪತ್ತೆಂಟು.
"ನನ್ನ ಬಸ್ಸು ಹತ್ತೂ ನಲವತ್ತಕ್ಕೆ. ಅದರಾಚೆ ಬಸ್ಸಿಲ್ಲ."

ಕಾರಿದೆ, ಬಿಡುತ್ತೇನೆ, ಅಂದರು ಯಾರೋ.
ಅವಳಾಗಲೇ ಬೂಟುಗಳ ಸಾಲಿನಲ್ಲಿ ತನ್ನದು ಹುಡುಕುತ್ತಿದ್ದಳು.
ಹೋಗುವಾಗ ಮಾಪಿನ ಕೋಲಿನಿಂದ ಮೇಲೆ ತೋರಿಸಿ,
"ಅದು ತಲೆಕೆಳಗಾಗಿದೆ. ನಮ್ಮದಲ್ಲ. ಆದರೂ."

ಪರದೆಯ ಮೇಲೆ ತಮ್ಮ ಜೇಬಿನಿಂದ ಕಾಗದ ತೆಗೆದ.
ಅಕ್ಕ ಓದಿದಳು, ಗಟ್ಟಿಯಾಗಿ, ಎರಡೂ ಪುಟ.
ಫೋನುಗಳು ಒಂದೊಂದಾಗಿ ಮಡಿಲಿಗಿಳಿದವು.
ಸುದ್ದಿ ಸಾವಿನದೋ ಮದುವೆಯದೋ
ಆ ಮುಖದಲ್ಲಿ ಹುಡುಕಿ ಹುಡುಕಿ ಸೋತೆವು.
ಅವಳ ಕೈ ಮಾತ್ರ ಮೂರನೆಯ ಬಟ್ಟಲಿಗೆ ಕಾಫಿ ಬಗ್ಗಿಸುತ್ತಿತ್ತು,
ತುಂಬಿದ ಮೇಲೂ.
ಗೋಡೆಯ ಬದಿ, ಬಿಟ್ಟುಹೋದ ಬಕೆಟ್ಟಿನ ನೀರಿನಲ್ಲಿ
ಅದೇ ಬೆಳಕು, ಮಸಕಾಗಿ.

ಮರುದಿನ ಅಡಿಬರಹದ ಕಡತ ಸಿಕ್ಕಿತು,
ಬೇರೆ ಹೆಸರಿನಲ್ಲಿ ಕೂತಿತ್ತು, ಅಷ್ಟೇ.
ಕೊನೆಯ ಹನ್ನೆರಡು ನಿಮಿಷ ನಾನಿನ್ನೂ ನೋಡಿಲ್ಲ.
ಶುಕ್ರವಾರ ಅವಳ ಪಾಳಿ ಎಂಟಕ್ಕೇ ಮುಗಿಯುತ್ತದೆ.
ಚಿತ್ರ ಒಂದು ಗಂಟೆ ಐವತ್ತು ನಿಮಿಷ.
ಲೆಕ್ಕ ಹಾಕಿದ್ದೇನೆ,
ಬಸ್ಸು ಸಿಗುತ್ತದೆ.